ಬೆಂಕಿಗೆ ಬಗ್ಗದ ಸೆರಾಮಿಕ್ ಹಬೆಗೆ ಸವೆಯುವುದೇಕೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿ. ಹೊಸ ವಿಮಾನ ಎಂಜಿನ್‌ಗಳ ಬಿಸಿ ಭಾಗಗಳಲ್ಲಿ ನಿಕ್ಕಲ್ ಮಿಶ್ರಲೋಹದ ಬದಲು ಸಿಲಿಕಾನ್ ಕಾರ್ಬೈಡ್ ಸೆರಾಮಿಕ್ ಕಾಂಪೋಸಿಟ್ ಬಳಸುತ್ತಿದ್ದಾರೆ, ಅದರ ಮೇಲೂ ಒಂದು ರಕ್ಷಣಾ ಲೇಪನ ಕೊಡುತ್ತಾರೆ ಎಂದು ಓದಿದೆ. ನಮ್ಮ ಕಾಲೇಜಿನ ಕುಲುಮೆಯಲ್ಲಿ ಅದೇ ಸಿಲಿಕಾನ್ ಕಾರ್ಬೈಡ್‌ನ ಕಾಯಿಸುವ ಸರಳುಗಳು ಯಾವ ಲೇಪನವೂ ಇಲ್ಲದೆ 1400 ಡಿಗ್ರಿಯಲ್ಲಿ ಕೆಲಸ ಮಾಡುತ್ತವೆ. ಹಾಗಿದ್ದರೆ ಎಂಜಿನ್‌ನಲ್ಲಿ ಲೇಪನದ ಅಗತ್ಯವೇನು? ಬೇಕೇ ಬೇಕೆಂದಾದರೆ ಲೋಹದ ಬ್ಲೇಡುಗಳಿಗೆ ಈಗಾಗಲೇ ಹಚ್ಚುವ ಜಿರ್ಕೋನಿಯಾವನ್ನೇ, ಅಂದರೆ ಜಿರ್ಕೋನಿಯಂ ಆಕ್ಸೈಡನ್ನೇ, ಹಚ್ಚಿದರೆ ಸಾಲದೆ?

ಉತ್ತರ: ನಿಮ್ಮ ಕುಲುಮೆಯ ಉದಾಹರಣೆಯಲ್ಲಿ ತಪ್ಪಿಲ್ಲ. ಸಿಲಿಕಾನ್ ಕಾರ್ಬೈಡ್ ಬಿಸಿ ಗಾಳಿಗೆ ಸಿಕ್ಕಿದ ಕೂಡಲೇ ಅದರ ಮೈಮೇಲೆ ಸಿಲಿಕಾದ, ಅಂದರೆ ಸಿಲಿಕಾನ್ ಡೈಆಕ್ಸೈಡ್‌ನ, ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯನ್ನು ದಾಟಿ ಆಮ್ಲಜನಕ ಒಳಗೆ ಹೋಗುವುದು ಬಹಳ ನಿಧಾನ. ಪೊರೆ ದಪ್ಪವಾದಷ್ಟೂ ಇನ್ನೂ ನಿಧಾನ. ಹೀಗಾಗಿ ಸರಳು ಮೊದಲ ದಿನಗಳಲ್ಲಿ ಒಂದಿಷ್ಟು ಉತ್ಕರ್ಷಣಗೊಂಡು, ಆಮೇಲೆ ತನ್ನ ಪಾಡಿಗೆ ತಾನಿರುತ್ತದೆ. ಇದನ್ನೇ ನೆಚ್ಚಿಕೊಂಡು ಎಂಜಿನ್‌ನಲ್ಲೂ ಬರಿಮೈಯ ಸಿಲಿಕಾನ್ ಕಾರ್ಬೈಡ್ ಬಾಳುತ್ತದೆ ಎಂದುಕೊಂಡವರು ಈ ಕ್ಷೇತ್ರದಲ್ಲೇ ಸಾಕಷ್ಟು ಮಂದಿ ಇದ್ದರು.

ಎಂಜಿನ್‌ನಲ್ಲಿ ಅದನ್ನು ಕೆಡಿಸುವುದು ಶಾಖವಲ್ಲ, ನೀರು. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು ಒಂದೂಕಾಲು ಕಿಲೋ ನೀರು ಹುಟ್ಟುತ್ತದೆ. ವಿಮಾನದ ಹಿಂದೆ ಆಕಾಶದಲ್ಲಿ ಮೂಡುವ ಬಿಳಿ ಗೆರೆ ಈ ನೀರೇ. ದಹನ ಕೋಣೆಯಿಂದ ಹೊರಬೀಳುವ ಅನಿಲದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಪಾಲು ಹಬೆ. ನಿಮ್ಮ ಕುಲುಮೆಯೊಳಗಿನ ಗಾಳಿಯಲ್ಲಿ ಮಳೆಗಾಲದಲ್ಲೂ ಅದು ಮೂರರ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದೂ ಒಂದು ವಾತಾವರಣದ ಒತ್ತಡದಲ್ಲಿ, ಅಲುಗಾಡದ ಗಾಳಿಯಲ್ಲಿ. ಎಂಜಿನ್‌ನಲ್ಲಿ ಒತ್ತಡ ಹಲವು ಹತ್ತು ಪಟ್ಟು. ಎ320 ನಿಯೋ, 737 ಮ್ಯಾಕ್ಸ್ ವಿಮಾನಗಳ ಲೀಪ್ ಎಂಜಿನ್‌ನ ಒಟ್ಟು ಒತ್ತಡ ಅನುಪಾತ, ಅಂದರೆ ಒಳಬಂದ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು, ಸುಮಾರು 40; ಬೋಯಿಂಗ್ 777ಎಕ್ಸ್‌ಗೆಂದು ತಯಾರಾದ ಜಿಇ9ಎಕ್ಸ್ ಎಂಜಿನ್‌ನದು 60. ಅಂದರೆ ಟೇಕಾಫ್ ಹೊತ್ತಿನಲ್ಲಿ ಬಿಸಿ ಭಾಗಗಳ ಮೇಲೆ ಹಬೆಯದೇ ಒತ್ತಡ ಕೆಲವು ವಾತಾವರಣದಷ್ಟಾಗುತ್ತದೆ.

ಈ ಸ್ಥಿತಿಯಲ್ಲಿ ಸಿಲಿಕಾ ನೀರಿನೊಂದಿಗೆ ಕೂಡಿ ಸಿಲಿಕಾನ್ ಹೈಡ್ರಾಕ್ಸೈಡ್ ಆಗುತ್ತದೆ. ಅದು ಅನಿಲ. ಹುಟ್ಟಿದ ಕ್ಷಣದಲ್ಲೇ ಅನಿಲದ ಹರಿವು ಅದನ್ನು ಹೊತ್ತೊಯ್ಯುತ್ತದೆ. ಕೆಳಗಿನಿಂದ ಪೊರೆ ಬೆಳೆಯುತ್ತಲೇ ಇರುತ್ತದೆ, ಮೇಲಿನಿಂದ ಹಾರಿಹೋಗುತ್ತಲೇ ಇರುತ್ತದೆ. ಬೆಳೆಯುವ ವೇಗ ದಪ್ಪದೊಂದಿಗೆ ತಗ್ಗುತ್ತದೆ, ಹಾರುವ ವೇಗ ತಗ್ಗುವುದಿಲ್ಲ. ಎರಡೂ ಸಮನಾದ ಮೇಲೆ ಪೊರೆಯ ದಪ್ಪ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಕೆಳಗಿನ ಸಿಲಿಕಾನ್ ಕಾರ್ಬೈಡ್ ಮಾತ್ರ ಗಂಟೆಗಂಟೆಗೂ ಒಂದೇ ವೇಗದಲ್ಲಿ ಸವೆಯುತ್ತಾ ಹೋಗುತ್ತದೆ. ಕುಲುಮೆಯಲ್ಲಿ ಕಾವಲುಗಾರನಾಗಿದ್ದ ಸಿಲಿಕಾವೇ ಇಲ್ಲಿ ಸೋರಿಕೆಯ ದಾರಿ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿರುವ ನಾಸಾ ಪ್ರಯೋಗಾಲಯದಲ್ಲಿ, ಅಂದಿನ ಲೂಯಿಸ್ ಇಂದಿನ ಗ್ಲೆನ್ ಕೇಂದ್ರದಲ್ಲಿ, 1990ರ ದಶಕದಲ್ಲಿ ಇದನ್ನು ಅಳೆದು ಸೂತ್ರಕ್ಕಿಳಿಸಿದರು. ಸವೆತದ ವೇಗ ಹಬೆಯ ಆಂಶಿಕ ಒತ್ತಡದ (ಒಟ್ಟು ಒತ್ತಡದಲ್ಲಿ ಹಬೆಯ ಪಾಲಿನ) ವರ್ಗಕ್ಕೆ ಮತ್ತು ಅನಿಲದ ವೇಗದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಒಟ್ಟು ಒತ್ತಡದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ವರ್ಗ ಬಂದದ್ದು ಒಂದು ಸಿಲಿಕಾ ಅಣುವನ್ನು ಹಾರಿಸಲು ಎರಡು ನೀರಿನ ಅಣು ಬೇಕಾಗುವುದರಿಂದ. ಲೆಕ್ಕ ಹಾಕಿ ನೋಡಿ: ಅನಿಲದ ಸಂಯೋಜನೆ ಹಾಗೆಯೇ ಇದ್ದು ಎಂಜಿನ್‌ನ ಒತ್ತಡ ಮಾತ್ರ ಇಮ್ಮಡಿಯಾದರೆ ಸವೆತ ಸುಮಾರು 2.8 ಪಟ್ಟಾಗುತ್ತದೆ. 1200 ಡಿಗ್ರಿ ಸೆಲ್ಸಿಯಸ್, 10 ವಾತಾವರಣ, ಸೆಕೆಂಡಿಗೆ 90 ಮೀಟರ್ ವೇಗದ ಅನಿಲಕ್ಕೆ ಅವರ ಅಂದಾಜು ಸಾವಿರ ಗಂಟೆಗೆ ಕಾಲು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಭಾಗದ ಗೋಡೆಯ ದಪ್ಪವೇ ಎರಡು ಮೂರು ಮಿಲಿಮೀಟರ್ ಇರುವಾಗ, ಅದು ಹತ್ತಾರು ಸಾವಿರ ಗಂಟೆ ಬಾಳಬೇಕಾದಾಗ, ಈ ಅಂಕಿ ಮರಣಶಾಸನವೇ ಸರಿ.

ಪ್ರಯೋಗಾಲಯದ ಲೆಕ್ಕವನ್ನು ನಂಬದವರಿಗೆ ಹೊರಗೂ ಸಾಕ್ಷಿ ಸಿಕ್ಕಿತು. ಸೋಲಾರ್ ಟರ್ಬೈನ್ಸ್ ಕಂಪನಿ ತನ್ನ ಸೆಂಟಾರ್ 50ಎಸ್ ಕೈಗಾರಿಕಾ ಟರ್ಬೈನ್‌ಗೆ ಸಿಲಿಕಾನ್ ಕಾರ್ಬೈಡ್ ಕಾಂಪೋಸಿಟ್‌ನ ದಹನ ಕೋಣೆ ಒಳಗೋಡೆ ಹಾಕಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನಲ್ಲಿ ಓಡಿಸಿತು. ಲೇಪನವಿಲ್ಲದ ಗೋಡೆ ಸುಮಾರು 5000 ಗಂಟೆಗೆ ಸವೆದು ಎಳೆಗಳು ಹೊರಗೆ ಕಾಣುವಂತಾಯಿತು. ಅದೇ ಜಾಗದಲ್ಲಿ ಲೇಪನವಿದ್ದ ಗೋಡೆ ಸುಮಾರು 14 ಸಾವಿರ ಗಂಟೆ ನಡೆಯಿತು. ಲೇಪನ ಏಕೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನ್ನ ಬಳಿ ಇಲ್ಲ.

ಇಷ್ಟು ರಗಳೆ ಇರುವ ವಸ್ತುವಿನ ಹಿಂದೆ ಬೀಳುವುದೇಕೆ ಎಂದರೆ, ತೂಕ ಮತ್ತು ತಂಪುಗಾಳಿ. ಈ ಕಾಂಪೋಸಿಟ್‌ನ ಸಾಂದ್ರತೆ ನಿಕ್ಕಲ್ ಸೂಪರ್ ಅಲಾಯ್‌ನ ಮೂರನೇ ಒಂದರಷ್ಟು. ನಿಕ್ಕಲ್ ಮಿಶ್ರಲೋಹ ಸುಮಾರು 1100 ಡಿಗ್ರಿ ದಾಟಿದರೆ ಸೋಲತೊಡಗುತ್ತದೆ, ಆದ್ದರಿಂದ ಕಂಪ್ರೆಸರ್‌ನಲ್ಲಿ ಶ್ರಮಪಟ್ಟು ಒತ್ತಿದ ಗಾಳಿಯಲ್ಲೇ ಒಂದು ದೊಡ್ಡ ಪಾಲನ್ನು ಕದ್ದು ಬ್ಲೇಡುಗಳೊಳಗೆ ಹರಿಸಿ ತಣಿಸಬೇಕು. ಕಾಂಪೋಸಿಟ್ ಸುಮಾರು 1300 ಡಿಗ್ರಿಯವರೆಗೆ ತಾಳುವುದರಿಂದ ಆ ಕಳ್ಳತನ ಕಡಿಮೆಯಾಗುತ್ತದೆ, ಇಂಧನ ಉಳಿಯುತ್ತದೆ. 2016ರಲ್ಲಿ ಎ320 ನಿಯೋ ವಿಮಾನದೊಂದಿಗೆ ಸೇವೆಗೆ ಬಂದ ಲೀಪ್ ಎಂಜಿನ್‌ನ ಅಧಿಕ ಒತ್ತಡದ ಟರ್ಬೈನ್ ಸುತ್ತ ಇಂಥ 18 ತುಣುಕುಗಳ ಉಂಗುರವಿದೆ. 2020ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರದ ಮಾನ್ಯತೆ ಪಡೆದ ಜಿಇ9ಎಕ್ಸ್‌ನಲ್ಲಿ ದಹನ ಕೋಣೆಯ ಗೋಡೆಗಳು ಮತ್ತು ಸ್ಥಿರ ನಾಜಲ್‌ಗಳೂ ಇದರಲ್ಲೇ ಆಗಿವೆ. ಬೆಂಗಳೂರಿನಿಂದ ಆಕಾಸಾ ಏರ್‌ನ 737 ಮ್ಯಾಕ್ಸ್ ಹತ್ತಿದ್ದರೆ ನೀವು ಈ ವಸ್ತುವಿನ ಪಕ್ಕದಲ್ಲೇ ಕೂತು ಪ್ರಯಾಣ ಮಾಡಿದ್ದೀರಿ; ಆ ವಿಮಾನಕ್ಕೆ ಲೀಪ್ ಬಿಟ್ಟರೆ ಬೇರೆ ಎಂಜಿನ್ನೇ ಇಲ್ಲ.

ಕಾಂಪೋಸಿಟ್ ಒಳಗೆ ಏನಿದೆ ಎಂಬುದನ್ನೂ ಸ್ವಲ್ಪ ತಿಳಿದಿರಬೇಕು. ಹತ್ತು ಹದಿನೈದು ಮೈಕ್ರಾನ್ ದಪ್ಪದ ಸಿಲಿಕಾನ್ ಕಾರ್ಬೈಡ್ ಎಳೆಗಳು, ಪ್ರತಿ ಎಳೆಯ ಸುತ್ತ ಒಂದು ಮೈಕ್ರಾನ್‌ಗೂ ತೆಳುವಾದ ಬೋರಾನ್ ನೈಟ್ರೈಡ್ ಹೊದಿಕೆ, ನಡುವೆ ತುಂಬಿದ ಸಿಲಿಕಾನ್ ಕಾರ್ಬೈಡ್. ಬೋರಾನ್ ನೈಟ್ರೈಡ್ ಬೇಕೆಂದೇ ದುರ್ಬಲವಾಗಿ ಇಟ್ಟ ಪದರ. ಬಿರುಕು ಎಳೆಯವರೆಗೆ ಬಂದಾಗ ಅದನ್ನು ಕತ್ತರಿಸದೆ ಈ ಹೊದಿಕೆಯ ಉದ್ದಕ್ಕೂ ಹೊರಳಿಕೊಳ್ಳುತ್ತದೆ. ಸೆರಾಮಿಕ್ ಆದರೂ ವಸ್ತು ಫಟ್ಟನೆ ಒಡೆಯದಿರುವುದು ಇದರಿಂದ. ಆದರೆ ಹಬೆಗೆ ಬೋರಾನ್ ನೈಟ್ರೈಡ್ ಸಿಕ್ಕಿತೋ, ಅದು ಬೋರಾನ್ ಆಕ್ಸೈಡ್ ಆಗಿ, ಅಲ್ಲಿಂದ ಬೋರಿಕ್ ಆಮ್ಲದ ಆವಿಯಾಗಿ ಹೋಗಿಬಿಡುತ್ತದೆ. ಅದು ಖಾಲಿ ಮಾಡಿದ ಜಾಗವನ್ನು ಸಿಲಿಕಾ ಗಾಜು ತುಂಬಿ ಎಳೆಯನ್ನೂ ಸುತ್ತಲಿನದನ್ನೂ ಬೆಸೆದರೆ ಕಾಂಪೋಸಿಟ್ ಮತ್ತೆ ಸಾಮಾನ್ಯ ಪಿಂಗಾಣಿಯಷ್ಟೇ ಪೆಡಸು. ಇದು 700–900 ಡಿಗ್ರಿಯಂಥ ‘ತಣ್ಣನೆಯ’ ಜಾಗದಲ್ಲೂ ನಡೆಯುತ್ತದೆ. ಹಾಗಾಗಿ ಲೇಪನ ತಡೆಯಬೇಕಾದದ್ದು ಮೇಲ್ಮೈಯ ಸವೆತವನ್ನಷ್ಟೇ ಅಲ್ಲ, ಒಳಗೆ ನುಸುಳುವ ಹಬೆಯನ್ನು.

ಇನ್ನು ಜಿರ್ಕೋನಿಯಾ. ನಿಮ್ಮ ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಚೆನ್ನಾಗಿದೆ, ಏಕೆಂದರೆ ಲೇಪನಗಳ ಬಗ್ಗೆ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ. ಲೋಹದ ಬ್ಲೇಡಿಗೆ ಹಚ್ಚುವ ಯಿಟ್ರಿಯಾ ಬೆರೆತ ಜಿರ್ಕೋನಿಯಾದ ಕೆಲಸ ಶಾಖವನ್ನು ತಡೆಯುವುದು. ಅದರೊಳಗೆ ಬೇಕೆಂದೇ ರಂಧ್ರಗಳನ್ನೂ ಸೀಳುಗಳನ್ನೂ ಬಿಡುತ್ತಾರೆ. ರಂಧ್ರಗಳಿಂದ ಶಾಖ ದಾಟುವುದು ಕಡಿಮೆಯಾಗುತ್ತದೆ, ಸೀಳುಗಳಿಂದ ಲೋಹದ ಹಿಗ್ಗು ಕುಗ್ಗಿಗೆ ಲೇಪನ ಹೊಂದಿಕೊಳ್ಳುತ್ತದೆ. ಆಮ್ಲಜನಕ ಒಳಗೆ ಹೋದರೆ ಹೋಗಲಿ, ಅದನ್ನು ಕೆಳಗಿನ ಅಲ್ಯುಮಿನಾ ಪೊರೆ ನೋಡಿಕೊಳ್ಳುತ್ತದೆ. ಮೇಲಾಗಿ ಜಿರ್ಕೋನಿಯಾ ಬಿಸಿಯಾದಾಗ ಆಮ್ಲಜನಕದ ಅಯಾನುಗಳನ್ನು ಸಲೀಸಾಗಿ ಸಾಗಿಸುತ್ತದೆ. ಕಾರಿನ ಹೊಗೆ ಕೊಳವೆಯಲ್ಲಿರುವ ಆಮ್ಲಜನಕ ಸೆನ್ಸರ್ ಕೆಲಸ ಮಾಡುವುದು ಆ ಗುಣದಿಂದಲೇ. ಸಿಲಿಕಾನ್ ಕಾರ್ಬೈಡ್ ಮೇಲಿನ ಲೇಪನದ ಕೆಲಸ ಇದಕ್ಕೆ ತದ್ವಿರುದ್ಧ: ಅದು ಮೊಹರು. ಒಂದೇ ಒಂದು ಬಿರುಕು ಮೇಲಿನಿಂದ ಕೆಳಗಿನವರೆಗೆ ಇಳಿದರೂ ಹಬೆಗೆ ರಾಜಮಾರ್ಗ ಸಿಕ್ಕಂತೆ. ಬಿರುಕಿನಿಂದ ಬದುಕುವ ಲೇಪನವನ್ನು ಬಿರುಕಿನಿಂದ ಸಾಯುವ ಲೇಪನದ ಜಾಗದಲ್ಲಿ ಇಡಲಾಗದು.

ಅದಕ್ಕೂ ಮೊದಲೇ ಅಡ್ಡ ಬರುವುದು ಹಿಗ್ಗುವಿಕೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂದು ಅಳೆದರೆ ನಿಕ್ಕಲ್ ಮಿಶ್ರಲೋಹ 13ರಿಂದ 16, ಜಿರ್ಕೋನಿಯಾ 10ರಿಂದ 11, ಸಿಲಿಕಾನ್ ಕಾರ್ಬೈಡ್ 4.5ರಿಂದ 5.5. ಲೋಹದ ಮೇಲೆ ಜಿರ್ಕೋನಿಯಾ ಹೇಗೋ ಹೊಂದಿಕೊಂಡೀತು. ಸಿಲಿಕಾನ್ ಕಾರ್ಬೈಡ್ ಮೇಲೆ ಹಚ್ಚಿ 1300 ಡಿಗ್ರಿಯಿಂದ ಕೋಣೆಯ ತಾಪಕ್ಕೆ ಇಳಿಸಿದರೆ ಎರಡರ ಕುಗ್ಗುವಿಕೆಯ ನಡುವೆ ನೂರಕ್ಕೆ 0.7ರಷ್ಟು ಅಂತರ ಬೀಳುತ್ತದೆ. ಹತ್ತು ಸೆಂಟಿಮೀಟರ್ ಉದ್ದಕ್ಕೆ 0.7 ಮಿಲಿಮೀಟರ್! ದಟ್ಟವಾದ ಸೆರಾಮಿಕ್ ಅದರ ಏಳನೇ ಒಂದು ಪಾಲನ್ನು ತಾಳಿದರೆ ಹೆಚ್ಚು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದ ಕೆಸರು ಹೇಗೆ ತುಂಡುತುಂಡಾಗಿ ಸೀಳುತ್ತದೋ ಹಾಗೆ ಲೇಪನ ಸೀಳಿ, ಒಂದೊಂದು ತುಂಡಿನ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ.

ಹಾಗಾಗಿ ಮೊದಲ ಜರಡಿಯೇ ಹಿಗ್ಗುವಿಕೆ. ಅದರಲ್ಲಿ ಉಳಿಯುವ ಆಕ್ಸೈಡುಗಳು ಬಹಳ ಕಡಿಮೆ, ಅವುಗಳಲ್ಲಿ ಹೆಚ್ಚಿನವು ಸಿಲಿಕೇಟುಗಳು. ತಮಾಷೆ ಏನೆಂದರೆ ಸಿಲಿಕೇಟ್ ಎಂದರೆ ಒಳಗೆ ಸಿಲಿಕಾ ಇದ್ದೇ ಇದೆ, ಹಬೆ ತಿನ್ನುವುದು ಸಿಲಿಕಾವನ್ನೇ. ಈ ಮೂವತ್ತು ವರ್ಷಗಳ ಸಂಶೋಧನೆಯೆಲ್ಲ ಈ ಇಕ್ಕಟ್ಟಿನೊಳಗೆ ನಡೆದ ಚೌಕಾಸಿ. ಹಿಗ್ಗುವಿಕೆ ಹೊಂದಬೇಕು, ಆದರೆ ಸಿಲಿಕಾ ಬಿಗಿಯಾಗಿ ಕಟ್ಟಿಹಾಕಿಕೊಂಡಿರಬೇಕು.

ಮೊದಲು ಬಂದದ್ದು ಮುಲ್ಲೈಟ್, ಅಂದರೆ ಅಲ್ಯುಮಿನಿಯಂ ಸಿಲಿಕೇಟ್. ಹಿಗ್ಗುವಿಕೆ 5–6, ಹೆಚ್ಚುಕಡಿಮೆ ಹೊಂದಾಣಿಕೆ. ಆದರೆ ಅದರೊಳಗಿನ ಸಿಲಿಕಾ ಸಡಿಲ. ಹಬೆ ಸಿಲಿಕಾವನ್ನು ಕಿತ್ತು ಒಯ್ದ ಮೇಲೆ ಮೇಲ್ಮೈಯಲ್ಲಿ ರಂಧ್ರಮಯ ಅಲ್ಯುಮಿನಾ ಉಳಿಯುತ್ತದೆ. ಅದರ ಮೇಲೆ ಜಿರ್ಕೋನಿಯಾದ ಟೊಪ್ಪಿಗೆ ಇಟ್ಟು ನೋಡಿದರು, ಅದು ಸೀಳಿತು. ಆಮೇಲೆ ನಾಸಾ ಮತ್ತು ಎಂಜಿನ್ ತಯಾರಕರಾದ ಜಿಇ, ಪ್ರಾಟ್ ಅಂಡ್ ವಿಟ್ನಿ ಕೂಡಿ ನಡೆಸಿದ ಶಬ್ದಾತೀತ ಪ್ರಯಾಣಿಕ ವಿಮಾನದ ಸಂಶೋಧನೆಯ ಫಲವಾಗಿ ಬೇರಿಯಂ ಸ್ಟ್ರಾನ್ಷಿಯಂ ಅಲ್ಯುಮಿನೊ ಸಿಲಿಕೇಟ್ ಬಂತು. ಬೇಕರ್ಸ್‌ಫೀಲ್ಡ್‌ನಲ್ಲಿ 14 ಸಾವಿರ ಗಂಟೆ ನಿಂತದ್ದು ಈ ಲೇಪನ. ಆ ಶಬ್ದಾತೀತ ವಿಮಾನ ಹಾರಲೇ ಇಲ್ಲ. ಅದಕ್ಕಾಗಿ ಹುಟ್ಟಿದ ಲೇಪನ ಮಾತ್ರ ವಿದ್ಯುತ್ ಉತ್ಪಾದಿಸುವ ಯಂತ್ರಗಳಲ್ಲಿ ದುಡಿಯಿತು. ಇದರ ತೊಂದರೆ ಎಂದರೆ, ಸುಮಾರು 1300 ಡಿಗ್ರಿಯಲ್ಲಿ ಇದು ಕೆಳಗೆ ಹುಟ್ಟುವ ಸಿಲಿಕಾದೊಂದಿಗೆ ಕೂಡಿ ಕರಗುವ ಗಾಜಾಗುತ್ತದೆ. ವಿಮಾನ ಎಂಜಿನ್‌ಗೆ ಅಷ್ಟು ಬಿಗಿಯಾದ ಅಂಚಿನಲ್ಲಿ ಕೆಲಸ ಮಾಡಲಾಗದು.

ಈಗ ಬಳಕೆಯಲ್ಲಿರುವುದು ವಿರಳ ಭೂಲೋಹಗಳ ಸಿಲಿಕೇಟುಗಳು, ಮುಖ್ಯವಾಗಿ ಇಟರ್ಬಿಯಂ ಮತ್ತು ಯಿಟ್ರಿಯಂ. ಇವುಗಳಲ್ಲಿ ಎರಡು ಬಗೆ. ಡೈಸಿಲಿಕೇಟ್‌ನಲ್ಲಿ ಸಿಲಿಕಾ ಹೆಚ್ಚು, ಹಿಗ್ಗುವಿಕೆ 4–5, ಸಿಲಿಕಾನ್ ಕಾರ್ಬೈಡ್‌ಗೆ ಅಳತೆ ತೆಗೆದು ಹೊಲಿದಂತೆ. ಮಾನೋಸಿಲಿಕೇಟ್‌ನಲ್ಲಿ ಸಿಲಿಕಾ ಕಡಿಮೆ, ಹಬೆಗೆ ಹೆಚ್ಚು ಗಟ್ಟಿ, ಆದರೆ ಹಿಗ್ಗುವಿಕೆ 7ರ ಸುತ್ತ. ದಪ್ಪವಾಗಿ ಹಚ್ಚಿದರೆ ಸೀಳುತ್ತದೆ. ಯಾವುದು ಮೇಲು ಎಂದು ಕೇಳಿದರೆ, ಬಿರುಕಿಲ್ಲದ ಡೈಸಿಲಿಕೇಟ್ ಬಿರುಕುಬಿಟ್ಟ ಮಾನೋಸಿಲಿಕೇಟ್‌ಗಿಂತ ಸಾವಿರ ಪಾಲು ವಾಸಿ ಎಂಬುದು ನನ್ನ ಅಭಿಪ್ರಾಯ. ಇಟರ್ಬಿಯಂ ಡೈಸಿಲಿಕೇಟ್‌ಗೆ ಇನ್ನೊಂದು ಅನುಕೂಲವಿದೆ. ಯಿಟ್ರಿಯಂ ಡೈಸಿಲಿಕೇಟ್ ತಾಪಕ್ಕೆ ತಕ್ಕಂತೆ ಹಲವು ಸ್ಫಟಿಕ ರೂಪಗಳನ್ನು ತಳೆಯುತ್ತದೆ, ಪ್ರತಿ ರೂಪಾಂತರಕ್ಕೂ ಗಾತ್ರ ಬದಲಾಗುತ್ತದೆ. ಇಟರ್ಬಿಯಂನದು ಕರಗುವವರೆಗೂ ಒಂದೇ ರೂಪ.

ಈ ಲೇಪನವನ್ನು ನೇರವಾಗಿ ಕಾಂಪೋಸಿಟ್ ಮೇಲೆ ಹಚ್ಚುವುದಿಲ್ಲ. ನಡುವೆ ಸುಮಾರು 0.1 ಮಿಲಿಮೀಟರ್ ದಪ್ಪದ ಶುದ್ಧ ಸಿಲಿಕಾನ್ ಪದರ ಇರುತ್ತದೆ. ಬರೇ ಅಂಟಿಸುವುದಕ್ಕೆ ಎಂದು ಇದನ್ನು ಕಡೆಗಣಿಸಬೇಡಿ. ಸಿಲಿಕಾನ್ ಕಾರ್ಬೈಡ್ ಉತ್ಕರ್ಷಣಗೊಂಡರೆ ಸಿಲಿಕಾದ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಹುಟ್ಟುತ್ತದೆ. ಮೊಹರಾದ ಲೇಪನದಡಿ ಅನಿಲ ಹುಟ್ಟಿದರೆ ಗುಳ್ಳೆ ಏಳದೆ ಬೇರೆ ದಾರಿಯಿಲ್ಲ. ಸಿಲಿಕಾನ್ ಉತ್ಕರ್ಷಣಗೊಂಡರೆ ಸಿಲಿಕಾ ಹುಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಹುಟ್ಟುವುದಿಲ್ಲ. ಮೇಲಿನ ಪದರವನ್ನು ದಾಟಿ ಬಂದ ಅಷ್ಟಿಷ್ಟು ಆಮ್ಲಜನಕವನ್ನೂ ಹಬೆಯನ್ನೂ ಸಿಲಿಕಾನ್ ಸದ್ದಿಲ್ಲದೆ ನುಂಗಿಕೊಳ್ಳುತ್ತದೆ.

ಆದರೆ ಈ ನುಂಗಿದ್ದರ ಲೆಕ್ಕ ಎಲ್ಲೋ ಸೇರುತ್ತಾ ಹೋಗಬೇಕಲ್ಲ. ಹಬೆಯಲ್ಲಿ ಸಾವಿರ ಸಲ ಕಾಯಿಸಿ ತಣಿಸಿದ ತುಣುಕೊಂದನ್ನು ಕತ್ತರಿಸಿ, ಕನ್ನಡಿಯಂತೆ ಉಜ್ಜಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರೆ ಮೇಲೆ ಇಟರ್ಬಿಯಂ ಸಿಲಿಕೇಟ್ ಬೆಳ್ಳಗೆ ಹೊಳೆಯುತ್ತದೆ, ಭಾರದ ಧಾತುವಾದ್ದರಿಂದ. ಕೆಳಗೆ ಸಿಲಿಕಾನ್ ಬೂದು ಬಣ್ಣ. ಎರಡರ ನಡುವೆ ಹೆಚ್ಚು ಕಪ್ಪಾದ, ಒಂದೇ ಸಮನೆ ಸಾಗುವ ಒಂದು ಗೆರೆ: ಸಿಲಿಕಾ. ಹೊಸ ತುಣುಕಿನಲ್ಲಿ ಹುಡುಕಬೇಕಾಗುವ ಈ ಗೆರೆ, ಹಳೆಯದರಲ್ಲಿ ಹತ್ತು ಇಪ್ಪತ್ತು ಮೈಕ್ರಾನ್ ದಪ್ಪವಾಗಿರುತ್ತದೆ. ಇನ್ನೂ ಹತ್ತಿರ ಹೋದರೆ ಆ ಕಪ್ಪು ಗೆರೆಯೊಳಗೆ ಸಮ ಅಂತರದಲ್ಲಿ ನಿಂತ ನೇರ ಸೀಳುಗಳು ಕಾಣುತ್ತವೆ. ಕೆಲವು ಕಡೆ ಎರಡು ಸೀಳುಗಳ ಬುಡ ಅಡ್ಡಡ್ಡವಾಗಿ ಕೂಡಿಕೊಂಡಿರುತ್ತವೆ. ಲೇಪನ ಕಳಚುವುದು ಅಲ್ಲಿಂದ.

ಈ ಸೀಳುಗಳು ಬಿಸಿಯಲ್ಲಿ ಆದವಲ್ಲ. ಬಿಸಿಯಲ್ಲಿ ಹುಟ್ಟಿದ ಸಿಲಿಕಾ ಕ್ರಿಸ್ಟೊಬಲೈಟ್ ಎಂಬ ಸ್ಫಟಿಕ ರೂಪದಲ್ಲಿರುತ್ತದೆ. ತಣಿಯುವಾಗ ಸುಮಾರು 250 ಡಿಗ್ರಿಯಿಂದ ಕೆಳಗೆ ಅದು ರೂಪ ಬದಲಿಸಿ ಗಾತ್ರದಲ್ಲಿ ನೂರಕ್ಕೆ ನಾಲ್ಕೈದು ಭಾಗ ಕುಗ್ಗುತ್ತದೆ. ಅಂದರೆ ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಪೊರೆ ಅಖಂಡ, ಆರಿಸಿ ತಣಿಸಿದಾಗ ಬಿರುಕು. ಕೈಗಾರಿಕಾ ಟರ್ಬೈನ್‌ನಲ್ಲಿ ಸಾವಿರಾರು ಗಂಟೆ ನಿಂತ ಲೇಪನ ವಿಮಾನದಲ್ಲೂ ಅಷ್ಟೇ ನಿಲ್ಲುತ್ತದೆ ಎನ್ನಲಾಗದಿರುವುದು ಇದಕ್ಕೇ. ಕೈಗಾರಿಕಾ ಯಂತ್ರವನ್ನು ಒಮ್ಮೆ ಚಾಲೂ ಮಾಡಿದರೆ ವಾರಗಟ್ಟಲೆ ಓಡುತ್ತದೆ. ಬೆಂಗಳೂರು–ಮುಂಬೈ ನಡುವೆ ಓಡಾಡುವ ವಿಮಾನದ ಎಂಜಿನ್ ದಿನಕ್ಕೆ ಹಲವು ಸಲ ಪೂರ್ತಿ ಶಕ್ತಿಗೇರಿ ಇಳಿಯುತ್ತದೆ, ರಾತ್ರಿ ನಿಂತಾಗ ಪೂರ್ತಿ ತಣಿಯುತ್ತದೆ. ಆದ್ದರಿಂದ ಯಾವುದೇ ಲೇಪನದ ಬಗ್ಗೆ ಇಷ್ಟು ಗಂಟೆ ಬಾಳಿತು ಎಂದು ಓದಿದಾಗ, ಎಷ್ಟು ಸಲ ತಣಿಸಿದ್ದರು ಎಂದು ಕೇಳಿ. ಒಣ ಆಮ್ಲಜನಕದಲ್ಲಿ ಮಾಡಿದ ಪರೀಕ್ಷೆಯಾದರೆ ಅದನ್ನು ಪಕ್ಕಕ್ಕಿಡಿ. ಹಬೆಯಲ್ಲಿ ಈ ಸಿಲಿಕಾ ಸುಮಾರು ಹತ್ತು ಪಟ್ಟು ವೇಗವಾಗಿ ಬೆಳೆಯುತ್ತದೆ. ಮೇಲಿನ ಸಿಲಿಕೇಟಿಗೆ ಸ್ವಲ್ಪ ಅಲ್ಯುಮಿನಾ ಅಥವಾ ಮುಲ್ಲೈಟ್ ಬೆರೆಸಿದರೆ ಈ ಬೆಳವಣಿಗೆ ಗಣನೀಯವಾಗಿ ತಗ್ಗುತ್ತದೆ ಎಂದು ನಾಸಾದವರು ತೋರಿಸಿದ್ದಾರೆ. ಈಚಿನ ವರ್ಷಗಳ ಕೆಲಸದಲ್ಲಿ ನನಗೆ ಅತ್ಯಂತ ಉಪಯುಕ್ತ ಎನಿಸಿದ್ದು ಅದು.

ಹಚ್ಚುವ ವಿಧಾನದ ಬಗ್ಗೆ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ: ಪ್ಲಾಸ್ಮಾ ಸ್ಪ್ರೇ. ಅರ್ಧ ಜಗಳ ಇರುವುದೇ ಅಲ್ಲಿ. ಪುಡಿಯನ್ನು ಹತ್ತು ಸಾವಿರ ಡಿಗ್ರಿ ದಾಟಿದ ಜ್ವಾಲೆಗೆ ತೂರುತ್ತಾರೆ. ಪ್ರತಿ ಕಣವೂ ಕರಗಿ, ಮೇಲ್ಮೈಗೆ ಬಡಿದು, ಚಪ್ಪಟೆಯಾಗಿ, ಕಣ್ಣು ಮಿಟುಕಿಸುವುದರೊಳಗೆ ಹೆಪ್ಪುಗಟ್ಟುತ್ತದೆ. ಹಾರುವ ಆ ಅತ್ಯಲ್ಪ ಹೊತ್ತಿನಲ್ಲೇ ಕಣದಿಂದ ಸಿಲಿಕಾನ್ ಮಾನಾಕ್ಸೈಡ್ ಆವಿಯಾಗುತ್ತದೆ. ಡೈಸಿಲಿಕೇಟ್ ಪುಡಿ ಹಾಕಿದರೂ ಲೇಪನದಲ್ಲಿ ಅಲ್ಲಲ್ಲಿ ಮಾನೋಸಿಲಿಕೇಟ್ ಪಟ್ಟಿಗಳು ಸೇರಿಕೊಳ್ಳುವುದು ಹೀಗೆ. ಹಿಗ್ಗುವಿಕೆ ಹೊಂದಿಸಲೆಂದು ಅಷ್ಟು ಯೋಚಿಸಿ ಆರಿಸಿದ ವಸ್ತು ಸ್ಪ್ರೇ ಗನ್ನಿನ ಬಾಯಲ್ಲೇ ಬದಲಾಗಿರುತ್ತದೆ. ಜೊತೆಗೆ, ಅಷ್ಟು ಬೇಗ ತಣಿದದ್ದು ಸ್ಫಟಿಕವಾಗದೆ ಗಾಜಿನಂತೆ ಉಳಿಯುತ್ತದೆ. ಎಂಜಿನ್‌ನಲ್ಲಿ ಮೊದಲ ಸಲ ಬಿಸಿಯಾದಾಗ ಸ್ಫಟಿಕವಾಗಲು ಹೋಗಿ ಗಾತ್ರ ಬದಲಾಗಿ ಸೀಳುತ್ತದೆ. ಅದನ್ನು ತಪ್ಪಿಸಲು ಭಾಗವನ್ನೇ ಸಾವಿರ ಡಿಗ್ರಿಗಿಂತ ಹೆಚ್ಚು ಕಾಯಿಸಿಟ್ಟು ಸ್ಪ್ರೇ ಮಾಡುವುದುಂಟು, ಸ್ಪ್ರೇ ಆದ ಮೇಲೆ ಕುಲುಮೆಯಲ್ಲಿ ನಿಧಾನವಾಗಿ ಹದಗೊಳಿಸುವುದೂ ಉಂಟು. ಒಂದೇ ಪುಡಿ, ಒಂದೇ ದಪ್ಪ, ಆದರೆ ಗನ್ನಿನ ಕರೆಂಟ್ ಬೇರೆಯಾದರೆ ಎರಡು ಕಾರ್ಖಾನೆಗಳ ಲೇಪನದ ಆಯುಷ್ಯ ಅಜಗಜಾಂತರ. ಕಂಪನಿಗಳು ವಸ್ತುವಿನ ಹೆಸರನ್ನು ಧಾರಾಳವಾಗಿ ಹೇಳಿ ಸ್ಪ್ರೇ ಮಾಡುವ ಅಂಕಿಗಳನ್ನು ಮಾತ್ರ ಎದೆಗವಚಿಕೊಳ್ಳುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎಡವಿದ ಒಂದು ಪ್ರಸಂಗ ಹೇಳಬೇಕು. 2017ರಲ್ಲಿ ಲೀಪ್ ತಯಾರಿಸುವ ಸಿಎಫ್‌ಎಂ ಕಂಪನಿ, ಕೆಲವು ಎಂಜಿನ್‌ಗಳಲ್ಲಿ ಟರ್ಬೈನ್ ಸುತ್ತಲಿನ ಕಾಂಪೋಸಿಟ್ ತುಣುಕುಗಳ ಲೇಪನ ನಿರೀಕ್ಷೆಗಿಂತ ಮುಂಚೆಯೇ ಕಳಚುತ್ತಿದೆ ಎಂದು ಒಪ್ಪಿಕೊಂಡಿತು. ಕಾಂಪೋಸಿಟ್ ಮುರಿಯಲಿಲ್ಲ, ಸುರಕ್ಷತೆಯ ಪ್ರಶ್ನೆಯೂ ಇರಲಿಲ್ಲ. ಆದರೆ ಈ ತುಣುಕುಗಳ ಒಳಮೈಗೂ ತಿರುಗುವ ಬ್ಲೇಡಿನ ತುದಿಗೂ ನಡುವಿನ ಸಂದು ಕೂದಲೆಳೆಯ ಲೆಕ್ಕದ್ದು. ಲೇಪನ ಕಳಚಿದರೆ ಸಂದು ಹಿಗ್ಗುತ್ತದೆ, ಬಿಸಿ ಅನಿಲ ಬ್ಲೇಡನ್ನು ತಳ್ಳದೆ ಅದರ ತಲೆಯ ಮೇಲಿಂದ ಜಾರಿಹೋಗುತ್ತದೆ, ಅದೇ ಶಕ್ತಿ ಪಡೆಯಲು ಹೆಚ್ಚು ಇಂಧನ ಉರಿಸಬೇಕಾಗುತ್ತದೆ, ಹೊರಹೋಗುವ ಅನಿಲದ ತಾಪ ಮಿತಿಯ ಹತ್ತಿರಕ್ಕೆ ಏರುತ್ತದೆ. ಆಗ ಎಂಜಿನ್ನನ್ನು ರೆಕ್ಕೆಯಿಂದ ಬೇಗ ಇಳಿಸಬೇಕಾಗುತ್ತದೆ. ಕಂಪನಿ ಲೇಪನವನ್ನು ಬದಲಿಸಿತು. ಆ ಜಾಗದ ಲೇಪನ ಹಬೆಯನ್ನೂ ತಡೆಯಬೇಕು, ಬ್ಲೇಡಿನ ತುದಿ ತಗುಲಿದರೆ ತಾನೇ ಸವೆದುಕೊಟ್ಟು ಬ್ಲೇಡನ್ನು ಕಾಪಾಡಬೇಕು. ಮೊಹರು ದಟ್ಟವಾಗಿರಬೇಕು, ಸವೆಯುವ ಪದರ ಮೆತ್ತಗಿರಬೇಕು. ಎರಡನ್ನೂ ಒಂದೇ ಕಡೆ ಬಯಸುವುದು ಕಷ್ಟದ ಬೇಡಿಕೆ.

ಧೂಳಿನ ವಿಷಯ ಸೇರಿಸದಿದ್ದರೆ ಉತ್ತರ ಅಪೂರ್ಣ. ಮರಳು, ರಸ್ತೆಯ ಧೂಳು, ಜ್ವಾಲಾಮುಖಿಯ ಬೂದಿ ಎಲ್ಲದರಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯುಮಿನಿಯಂ, ಸಿಲಿಕಾನ್‌ಗಳ ಆಕ್ಸೈಡುಗಳು ಇರುತ್ತವೆ. 1200–1250 ಡಿಗ್ರಿಯ ಸುಮಾರಿಗೆ ಈ ಮಿಶ್ರಣ ಕರಗಿ ಗಾಜಾಗಿ ಬಿಸಿ ಭಾಗಗಳಿಗೆ ಮೆತ್ತಿಕೊಳ್ಳುತ್ತದೆ. ಕಾಂಪೋಸಿಟ್ ಭಾಗಗಳ ಮೈ ಲೋಹಕ್ಕಿಂತ ಬಿಸಿಯಾಗಿರುವುದರಿಂದ ಗಾಜು ಇನ್ನೂ ನೀರಾಗಿ ಹರಿಯುತ್ತದೆ. ಯಿಟ್ರಿಯಂ ಸಿಲಿಕೇಟ್ ಅದರೊಂದಿಗೆ ಬೇಗ ಪ್ರತಿಕ್ರಿಯಿಸಿ ಅಪಟೈಟ್ ಎಂಬ ಹೊಸ ಸ್ಫಟಿಕ ಕಟ್ಟುತ್ತದೆ; ಲೇಪನ ಖರ್ಚಾಗುತ್ತದೆ, ಆದರೆ ಗಾಜೂ ಖರ್ಚಾಗುತ್ತದೆ. ಇಟರ್ಬಿಯಂ ಡೈಸಿಲಿಕೇಟ್ ಅಷ್ಟಾಗಿ ಪ್ರತಿಕ್ರಿಯಿಸುವುದಿಲ್ಲ. ಒಳ್ಳೆಯದಲ್ಲವೇ ಎನಿಸಬಹುದು, ಆದರೆ ಖರ್ಚಾಗದ ಗಾಜು ಸ್ಫಟಿಕದ ಹರಳುಗಳ ಸಂದಿನಲ್ಲಿ ಇಳಿದು ಪದರವನ್ನು ಒಳಗಿನಿಂದ ಉಬ್ಬಿಸಿ ಸೀಳುತ್ತದೆ. ಎರಡು ಮೂರು ವಿರಳ ಲೋಹಗಳನ್ನು ಬೆರೆಸಿದ ಸಿಲಿಕೇಟುಗಳತ್ತ ಈಗ ಸಂಶೋಧಕರು ಹೊರಳಿರುವುದಕ್ಕೆ ಇದೂ ಒಂದು ಕಾರಣ. ಕೊಲ್ಲಿ ದೇಶಗಳಲ್ಲೂ ಉತ್ತರ ಭಾರತದ ಬೇಸಿಗೆಯಲ್ಲೂ ಹಾರುವ ಎಂಜಿನ್‌ಗಳಿಗೆ ಇದು ಪುಸ್ತಕದ ಸಮಸ್ಯೆಯಲ್ಲ.

ಮುಂದಿನ ಅಡ್ಡಗೋಡೆ ಲೇಪನದಡಿಯ ಸಿಲಿಕಾನ್ ಪದರದ್ದೇ. ಅದು 1414 ಡಿಗ್ರಿಯಲ್ಲಿ ಕರಗುತ್ತದೆ. ನಾಸಾ ಇಟ್ಟುಕೊಂಡಿರುವ ಗುರಿ 1482 ಡಿಗ್ರಿ. ಅಷ್ಟಕ್ಕೆ ಹೋಗಬೇಕಾದರೆ ಅಡಿಪದರವನ್ನೇ ಬದಲಿಸಬೇಕು. ಹಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾನ್ ಬೆರೆಸಿದ ಪದರಗಳನ್ನು ಅದಕ್ಕೆಂದೇ ಪರೀಕ್ಷಿಸುತ್ತಿದ್ದಾರೆ. ಕಚ್ಚಾವಸ್ತುವಿನದೂ ಒಂದು ತಲೆನೋವು. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿರ್ಬಂಧ ಹೇರಿದ ವಿರಳ ಲೋಹಗಳಲ್ಲಿ ಯಿಟ್ರಿಯಂ ಕೂಡ ಇತ್ತು. ನಮ್ಮ ಕೇರಳ, ಒಡಿಶಾ ಕರಾವಳಿಯ ಮಾನಜೈಟ್ ಮರಳಿನಲ್ಲಿ ಸೀರಿಯಂ, ಲ್ಯಾಂಥನಂನಂಥ ಹಗುರ ಗುಂಪಿನವು ಹೇರಳ. ಈ ಲೇಪನಕ್ಕೆ ಬೇಕಾದ ಭಾರದ ಗುಂಪಿನವು ಅತ್ಯಲ್ಪ.

ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಇದನ್ನು ಆರಿಸುವ ಯೋಚನೆ ನಿಮಗಿದ್ದರೆ ಪ್ಲಾಸ್ಮಾ ಗನ್ನಿಗಾಗಿ ಅಲೆಯಬೇಡಿ. ನಿಮ್ಮ ಬಳಿ ಇರುವ ಕುಲುಮೆಗೆ ಒಂದು ಅಲ್ಯುಮಿನಾ ಕೊಳವೆ, ನೀರನ್ನು ಅಳೆದು ಹಬೆಯಾಗಿ ಬಿಡುವ ಒಂದು ಪಂಪ್ ಸೇರಿಸಿದರೆ ನೂರಕ್ಕೆ 90ರಷ್ಟು ಹಬೆ ಇರುವ ವಾತಾವರಣ ಸಿಗುತ್ತದೆ. ಒಂದು ವಾತಾವರಣದಲ್ಲಿ 90 ಭಾಗ ಹಬೆ ಎಂದರೆ, ಹತ್ತು ವಾತಾವರಣದ ಎಂಜಿನ್‌ನಲ್ಲಿ ಒಂಬತ್ತು ಭಾಗ ಹಬೆ ಇದ್ದಷ್ಟೇ ಆಂಶಿಕ ಒತ್ತಡ. ಅನಿಲದ ವೇಗ ಮಾತ್ರ ಸಿಗುವುದಿಲ್ಲ, ಆದ್ದರಿಂದ ಸವೆತ ಅಳೆಯಲು ಇದು ಸಾಲದು. ಅಡಿಪದರದ ಸಿಲಿಕಾ ಹೇಗೆ ಬೆಳೆಯುತ್ತದೆ ಎಂದು ನೋಡಲು ಧಾರಾಳ ಸಾಕು. ಕೊಳವೆಯ ಅಲ್ಯುಮಿನಾ ಕೂಡ ಹಬೆಯಲ್ಲಿ ಅಲ್ಪಸ್ವಲ್ಪ ಆವಿಯಾಗಿ ಮಾದರಿಯ ಮೇಲೆ ಕೂರುತ್ತದೆ, ಫಲಿತಾಂಶ ಬರೆಯುವಾಗ ಅದನ್ನು ಮರೆಯಬೇಡಿ.

ಹಾಗೆಯೇ ಒಂದು ಲೆಕ್ಕವನ್ನೂ ಮಾಡಿ. ವಿಮಾನಗಳಿಗೆ ಜಲಜನಕವನ್ನು ಇಂಧನವಾಗಿ ತರುವ ಮಾತು ನಡೆಯುತ್ತಿದೆ. ಸೀಮೆಎಣ್ಣೆ ಜಾತಿಯ ಇಂಧನ ಕಿಲೋಗೆ ಸುಮಾರು 43 ಮೆಗಾಜೂಲ್ ಶಾಖ ಕೊಟ್ಟು ಒಂದೂಕಾಲು ಕಿಲೋ ನೀರು ಹುಟ್ಟಿಸುತ್ತದೆ. ಜಲಜನಕ ಕಿಲೋಗೆ 120 ಮೆಗಾಜೂಲ್ ಕೊಟ್ಟು ಒಂಬತ್ತು ಕಿಲೋ ನೀರು ಹುಟ್ಟಿಸುತ್ತದೆ. ಅದೇ ಶಾಖಕ್ಕೆ ನೀರು ಸುಮಾರು ಎರಡೂವರೆ ಪಟ್ಟು. ಸವೆತ ಹಬೆಯ ಒತ್ತಡದ ವರ್ಗಕ್ಕೆ ಅನುಪಾತದಲ್ಲಿದೆ ಎಂಬ ಸೂತ್ರವನ್ನು ಇಲ್ಲಿ ಇಟ್ಟರೆ, ಎಂಜಿನ್ ಅದೇ, ತಾಪ ಅದೇ, ಒತ್ತಡ ಅದೇ ಆದರೂ ಲೇಪನ ತಪ್ಪಿದ ಸಿಲಿಕಾನ್ ಕಾರ್ಬೈಡ್ ಈಗಿನದಕ್ಕಿಂತ ಆರು ಪಟ್ಟು ವೇಗವಾಗಿ ಸವೆಯುತ್ತದೆ.